ಮೊದಲು ಆರುವ ಬತ್ತಿ

ಹೆಂಗಸರ ಕ್ರಿಸ್‌ಮಸ್ಸಿನ ಬೆಳಿಗ್ಗೆ ಸಬೀನಾಳಿಗೆ ಎಚ್ಚರವಾದದ್ದು ಪಾತ್ರೆ ಬಿದ್ದ ಸದ್ದಿಗೆ. ಬಿದ್ದದ್ದು ದೊಡ್ಡ ಕಬ್ಬಿಣದ ಪಾತ್ರೆಯೇ ಇರಬೇಕು. ಸದ್ದು ಅಡಗುವುದಕ್ಕೇ ಹೊತ್ತು ಹಿಡಿಯಿತು. ಅದರ ಹಿಂದೆಯೇ ಗಂಡ ಬಾರ್ಟ್ಲಿ ಗೊಣಗಿದ್ದೂ ಮಗ ಫೆಸ್ಟಸ್ ನಕ್ಕಿದ್ದೂ ಕೇಳಿಸಿತು. ಎದ್ದು ನೋಡೋಣವೆಂದು ಕಾಲು ಕೆಳಗಿಟ್ಟಳು. ಮೊಣಕಾಲು ಒಪ್ಪಲಿಲ್ಲ. ಮತ್ತೆ ಹೊದಿಕೆ ಎಳೆದುಕೊಂಡು ಮಲಗಿದಳು. ಮಲಗಿದ ಮಾತ್ರಕ್ಕೆ ನಿದ್ದೆ ಬರಬೇಕಲ್ಲ. ವರ್ಷವಿಡೀ ಕತ್ತಲಿರುವಾಗಲೇ ಎದ್ದು ಬೂದಿ ಕೆದಕಿ ಬೆಂಕಿ ಮಾಡುವವಳಿಗೆ ಒಂದು ದಿನ ಮಾತ್ರ ಮಲಗು ಅಂದರೆ ಮೈಗೆ ಅದು ಹೇಗೆ ತಿಳಿಯಬೇಕು?

ಅವತ್ತು ಜನವರಿ ಆರು. ದೂರದಿಂದ ಬಂದ ಮೂವರು ಅರಸರು ದೇವರ ಕೂಸನ್ನು ಕಂಡ ದಿನ, ಹನ್ನೆರಡು ದಿನದ ಹಬ್ಬದ ಕೊನೆ. ಡಿಸೆಂಬರಿನ ದೊಡ್ಡ ಕ್ರಿಸ್‌ಮಸ್ ಗಂಡಸರದ್ದು, ಅದಕ್ಕೆ ಹೆಬ್ಬಾತಿನ ಮಾಂಸ, ವಿಸ್ಕಿ. ಇದು ಹೆಂಗಸರದ್ದು, ಇದಕ್ಕೆ ಚಹಾ ಮತ್ತು ಅಳಿದುಳಿದ ಕೇಕು. ಆದರೆ ಇದೊಂದು ದಿನ ಒಲೆ ಹಚ್ಚುವುದು, ಹಾಲು ಕರೆಯುವುದು, ನೀರು ಹೊರುವುದು ಎಲ್ಲ ಗಂಡಸರ ಪಾಲು. ಇದನ್ನು ಶುರು ಮಾಡಿದ್ದು ಯಾರೋ ಯಾರಿಗೂ ಗೊತ್ತಿಲ್ಲ. ಪಾದ್ರಿಗಳನ್ನು ಕೇಳಿದರೆ ಮಾತೆ ಮರಿಯಳ ಹೆಸರು ಹೇಳುತ್ತಾರೆ. ಹನ್ನೊಂದು ದಿನ ಬೇಯಿಸಿ ಬಡಿಸಿ ತಾನೇ ಬೆಂದುಹೋದ ಯಾವಳೋ ಒಬ್ಬಳು ಹನ್ನೆರಡನೆಯ ದಿನ ಸೌಟು ಬಿಸಾಡಿ ಕೂತಿರಬೇಕು ಅನ್ನುವುದು ಸಬೀನಾಳ ಊಹೆ. ಗಂಡಸರು ಮಾಡಿಟ್ಟದ್ದನ್ನೆಲ್ಲ ಮಾರನೆಯ ದಿನ ತಿಕ್ಕಿ ತೊಳೆಯುವವಳೂ ತಾನೇ ಅನ್ನುವುದನ್ನು ಮಾತ್ರ ಆ ಮಹಾತಾಯಿ ಯೋಚಿಸಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚೆ ಹಿಡಿದ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ. ಕೆಮ್ಮಿದರೆ ಹೊರಗೆ ಕೇಳಿಸುತ್ತದೆಂದು ದಿಂಬಿಗೆ ಮುಖ ಒತ್ತಿ ಕೆಮ್ಮಿ, ಶಾಲು ಹೊದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಬಾರ್ಟ್ಲಿ ಅವಳ ಏಪ್ರನ್ ಕಟ್ಟಿಕೊಂಡು ಗಂಜಿ ತಿರುವುತ್ತಿದ್ದ. ಅವನ ಮುದಿ ತಾಯಿ ಬಾಬೀನ್ ಒಲೆಯ ಪಕ್ಕದ ತನ್ನ ಮೂಲೆಯಲ್ಲಿ ಕೂತಿದ್ದಳು. ಎಂಬತ್ತೇಳು ವರ್ಷ. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಯಾಕೆ ಎದ್ದೆ?" ಅಂದ ಬಾರ್ಟ್ಲಿ.

"ಪಾತ್ರೆಗೆ ಏಟಾಯ್ತೇನೋ ಅಂತ ನೋಡೋಕ್ ಬಂದೆ."

"ಪಾತ್ರೆ ಚೆನ್ನಾಗಿದೆ. ನೆಲಕ್ಕೆ ಏಟಾಗಿದೆ."

"ಗಂಜಿ ತಳ ಹಿಡೀತಿದೆ ಕಣೋ," ಅಂದಳು ಬಾಬೀನ್.

"ತಳ ಹಿಡಿದಿರೋದಲ್ಲಮ್ಮ, ಅದು ಹದ."

"ನಿಮ್ಮಪ್ಪಾನೂ ಹಾಗೇ ಅಂತಿದ್ದ. ಮೂವತ್ತು ವರ್ಷ ಈ ದಿನ ನಾನು ಹದಾನೇ ತಿಂದಿದೀನಿ."

ಸಬೀನಾಳಿಗೆ ನಗು ಬಂತು, ನಗುವಿನ ಜೊತೆ ಕೆಮ್ಮೂ ಬಂತು. ಕೆಮ್ಮು ಮುಗಿಯುವ ತನಕ ಬಾರ್ಟ್ಲಿ ಸೌಟು ಆಡಿಸದೆ ನಿಂತಿದ್ದ. ಅವಳು ಅವನನ್ನು ನೋಡಲಿಲ್ಲ. ಚಿಮಣಿಯ ಪಕ್ಕದ ಮೊಳೆಯನ್ನು ನೋಡುತ್ತಿದ್ದಳು. ಅಲ್ಲಿ ನೇತುಹಾಕಿದ್ದ ಜೊಂಡಿನ ಕಟ್ಟು ಇರಲಿಲ್ಲ.

"ಜೊಂಡು ಎಲ್ಲಿ?"

"ನಾನ್ ತಗೊಂಡೆ. ಬತ್ತಿ ಅದ್ದಿ ಆಯ್ತು. ಕೊಟ್ಟಿಗೇಲಿ ಒಣಗ್ತಿವೆ."

"ನೀನು ಅದ್ದಿದ್ಯಾ?"

"ಇವತ್ತು ಹೆಂಗಸರ ಕೆಲಸವೆಲ್ಲ ನಮ್ದು ತಾನೆ. ಬತ್ತಿ ಏನು ಅದಕ್ಕೆ ಹೊರತಾ?"

"ಇಪ್ಪತ್ತಾರು ವರ್ಷದಿಂದ ನಾನೇ ಮಾಡಿದೀನಿ. ಒಂದ್ ಸಲಾನೂ ನಿನಗೆ ಇದು ನೆನಪಾಗ್ಲಿಲ್ಲ."

"ಈ ಸಲ ಆಯ್ತು."

ಅವಳು ಬಾಗಿಲ ಕಡೆ ಹೊರಟಳು. ಬಾರ್ಟ್ಲಿ ಸೌಟು ಹಿಡಿದುಕೊಂಡೇ ಬಂದು ಅಡ್ಡ ನಿಂತ. "ಹೊರಗೆ ಹಿಮ ಬಿದ್ದಿದೆ. ಕೊಟ್ಟಿಗೆ ಕಡೆ ಕಾಲಿಟ್ರೆ ನೋಡು. ಹೋಗು, ಕೂತ್ಕೋ."

ಅವನ ಜೊತೆ ವಾದ ಮಾಡುವಷ್ಟು ಶಕ್ತಿ ಇದ್ದಿದ್ದರೆ ಮಾಡುತ್ತಿದ್ದಳೋ ಏನೋ. ಕೂತಳು. ಕೂತರೂ ಕಣ್ಣು ಆ ಖಾಲಿ ಮೊಳೆಯ ಮೇಲೇ ಇತ್ತು.

ಹೆಂಗಸರ ಕ್ರಿಸ್‌ಮಸ್ಸಿನ ಮುಸ್ಸಂಜೆ ಜರಡಿಯಲ್ಲಿ ಓಟ್ಸ್ ಕಾಳು ತುಂಬಿ ಅದರಲ್ಲಿ ಬತ್ತಿ ನೆಡುವುದು ಆ ಕಡೆಯ ಪದ್ಧತಿ. ಹಿಂದಿನ ಕಾಲದಲ್ಲಿ ಹನ್ನೆರಡು ಶಿಷ್ಯರಿಗೆ ಹನ್ನೆರಡು, ನಡುವೆ ಸ್ವಾಮಿಗೊಂದು ದೊಡ್ಡದು ಇರುತ್ತಿತ್ತಂತೆ. ಕೊಬ್ಬಿಗೆ ಬರ ಬಂದ ಕಾಲದಲ್ಲಿ ಜನ ಶಿಷ್ಯರನ್ನು ಕೈಬಿಟ್ಟು ಮನೆಯವರನ್ನು ಉಳಿಸಿಕೊಂಡರು. ಶಿಷ್ಯರು ಯಾವತ್ತೋ ಸತ್ತವರು, ಅವರ ವಿಷಯದಲ್ಲಿ ಹೊಸದಾಗಿ ತಿಳಿಯುವುದೇನಿದೆ? ಮನೆಯಲ್ಲಿ ಎಷ್ಟು ಜನವೋ ಅಷ್ಟು ಬತ್ತಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು. ಯಾರದ್ದು ಮೊದಲು ಆರುತ್ತದೋ ಆ ಮನೆಯಿಂದ ಮೊದಲು ಹೊರಡುವವರು ಅವರು. ಹಚ್ಚಿದ ಮೇಲೆ ಮುಟ್ಟುವಂತಿಲ್ಲ, ಮರೆ ಮಾಡುವಂತಿಲ್ಲ. ಈ ಕಾಯ್ದೆಯನ್ನು ಆ ಮನೆಯಲ್ಲಿ ಬಾಬೀನ್ ಕಾಯ್ದಷ್ಟು ಪಾದ್ರಿಗಳು ಚರ್ಚಿನ ಕಾಯ್ದೆ ಕಾಯ್ದಿರಲಾರರು.

ಹದಿನೇಳು ವರ್ಷದ ಹಿಂದೆ ಮೊದಲು ಆರಿದ್ದು ಎತ್ನಾಳದ್ದು. ಅವಳು ಫೆಸ್ಟಸ್‌ನ ತಂಗಿ, ಆಗ ನಾಲ್ಕು ವರ್ಷದ ಕೂಸು. ಅವತ್ತು ಎಲ್ಲರೂ ನಕ್ಕು ಸುಮ್ಮನಾಗಿದ್ದರು. ಮಾರ್ಚಿನಲ್ಲಿ ಕೂಸಿಗೆ ನಾಯಿಕೆಮ್ಮು ಬಂತು, ಒಂಬತ್ತು ದಿನಕ್ಕೆ ತೀರಿಕೊಂಡಿತು. ಹೆಣದ ಮುಂದೆ ಕೂತ ಹೆಂಗಸರ ನಡುವೆ ಬಾಬೀನ್ ಅಂದಳು, "ಬತ್ತಿ ಅವತ್ತೇ ಹೇಳಿತ್ತಲ್ಲ." ಸಮಾಧಾನಕ್ಕೆ ಹೇಳಿದಳೋ, ದುಃಖಕ್ಕೆ ಹೇಳಿದಳೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಬೀನಾ ಅದಕ್ಕೆ ಜಗಳ ಆಡಲಿಲ್ಲ, ಮಾತು ಬಿಡಲಿಲ್ಲ. ಅತ್ತೆಗೆ ಹೊತ್ತು ಹೊತ್ತಿಗೆ ಹಾಕಿದಳು, ತಲೆ ಬಾಚಿದಳು, ಕಣ್ಣು ಹೋದ ಮೇಲೆ ಕೈ ಹಿಡಿದು ನಡೆಸಿದಳು. ಆ ಮಾತನ್ನು ಮಾತ್ರ ಮರೆಯಲಿಲ್ಲ.

ಮುಂದಿನ ವರ್ಷದಿಂದ ಅವಳೊಂದು ಉಪಾಯ ಮಾಡಿದಳು. ಸಿಪ್ಪೆ ಸುಲಿದ ಜೊಂಡನ್ನು ಕುರಿಕೊಬ್ಬಿನಲ್ಲಿ ಮೂರು ಸಲ ಅದ್ದಿದರೆ ಬತ್ತಿ ಅರ್ಧ ಗಂಟೆ ಉರಿಯುತ್ತದೆ. ಒಂದೇ ಸಲ ಅದ್ದಿದರೆ ಅದರ ಅರ್ಧಕ್ಕೇ ಮುಗಿಯುತ್ತದೆ. ತನ್ನದನ್ನು ಅವಳು ಒಂದೇ ಸಲ ಅದ್ದಿದಳು. ಅಂದಿನಿಂದ ಪ್ರತಿ ವರ್ಷ ಮೊದಲು ಆರುವುದು ಸಬೀನಾಳ ಬತ್ತಿ. ಮನೆಯವರಿಗೆ ಮೊದಮೊದಲು ಗಾಬರಿ, ಆಮೇಲೆ ಅಭ್ಯಾಸ, ಕಡೆಗೆ ತಮಾಷೆ. "ಅಮ್ಮ, ಈ ವರ್ಷಾನೂ ನೀನೇನಾ, ಸಾಮಾನು ಕಟ್ಕೊಂಡಾಯ್ತಾ?" ಅನ್ನುವನು ಫೆಸ್ಟಸ್. ಅವಳಿಗೆ ಅದರಿಂದ ಒಂದು ನೆಮ್ಮದಿ ಇತ್ತು. ಬತ್ತಿಯನ್ನು ಅವಳು ನಂಬುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಬೇರೆ ಯಾರ ಹೆಸರೂ ಆ ಮುದುಕಿಯ ಬಾಯಿಗೆ ಬೀಳದಿದ್ದರೆ ಸಾಕಿತ್ತು.

ಈ ವರ್ಷ ಉಪಾಯ ಬೇಕಾಗಿದ್ದದ್ದು ಹೆಚ್ಚು, ಆಗದೇ ಹೋದದ್ದೂ ಈ ವರ್ಷವೇ. ಮನೆಗೆ ಸೊಸೆ ಬಂದಿದ್ದಳು. ಡೀಲಿಯಾ ಕಡಲ ಕಡೆಯವಳು, ಕಳೆದ ವರ್ಷ ಈಸ್ಟರಿನ ಉಪವಾಸಕ್ಕೆ ಮುಂಚೆ ಮದುವೆಯಾದವಳು. ಜೂನ್‌ನಲ್ಲಿ ಒಂದು ಹೊಟ್ಟೆಯಲ್ಲೇ ಹೋಗಿತ್ತು. ಈಗ ಮತ್ತೆ ನಾಲ್ಕು ತಿಂಗಳು.

ಮಧ್ಯಾಹ್ನ ಊಟಕ್ಕೆ ಬಾರ್ಟ್ಲಿ ಮಾಡಿದ ಆಲೂಗಡ್ಡೆ ಹೊರಗೆ ಬೆಂದು ಒಳಗೆ ಕಲ್ಲಾಗಿತ್ತು. ಎಲ್ಲರೂ ಚೆನ್ನಾಗಿದೆ ಅಂದರು. ಆಮೇಲೆ ಸಬೀನಾ, ಡೀಲಿಯಾ ಇಬ್ಬರೂ ವಿನ್ನಿಯ ಮನೆಗೆ ಚಹಾಕ್ಕೆ ಹೋದರು. ವಿನ್ನಿ ಪಕ್ಕದ ಹೊಲದವಳು, ವಿಧವೆ. ಹೆಂಗಸರ ಕ್ರಿಸ್‌ಮಸ್ಸಿಗೆ ಅವಳ ಮನೆಯಲ್ಲಿ ಗಂಡಸರ ಕಾಟವಿಲ್ಲವೆಂದು ಏಳೆಂಟು ಜನ ಅಲ್ಲೇ ಸೇರುತ್ತಿದ್ದರು. ಕಪ್ಪು ಚಹಾ, ಒಣದ್ರಾಕ್ಷಿ ಕೇಕು, ಒಬ್ಬೊಬ್ಬರ ಗಂಡ ಬೆಳಿಗ್ಗೆ ಏನೇನು ಸುಟ್ಟ ಅನ್ನುವ ವರದಿ. ಒಬ್ಬಳ ಗಂಡ ಹಸುವಿನ ಬದಲು ಹೋರಿಯ ಕೆಳಗೆ ಕೂತಿದ್ದನಂತೆ. ನಕ್ಕೂ ನಕ್ಕೂ ವಿನ್ನಿಯ ಕಣ್ಣಲ್ಲಿ ನೀರು ಬಂತು. ಸಬೀನಾಳೂ ನಕ್ಕಳು, ಆದರೆ ಅವಳ ಮನಸ್ಸೆಲ್ಲ ಕೊಟ್ಟಿಗೆಯಲ್ಲಿ ಒಣಗುತ್ತಿರುವ ಐದು ಬತ್ತಿಯ ಮೇಲೆ. ಗಂಡನ ಕೈ ಅವಳಿಗೆ ಗೊತ್ತು. ಬೇಲಿ ಕಟ್ಟಿದರೆ ಗೂಟ ಗೂಟಕ್ಕೂ ದಾರ ಹಿಡಿದು ಅಳತೆ ನೋಡುವವನು. ಐದನ್ನೂ ಒಂದೇ ಸಮ ಮಾಡಿರುತ್ತಾನೆ. ಒಂದೇ ಸಮ ಇದ್ದರೆ ಮೊದಲು ಆರುವುದು ಯಾರದ್ದೂ ಆಗಬಹುದು.

ಕತ್ತಲಾಗುವ ಮುಂಚೆ ಎದ್ದು ಹೊರಟರು. ಆ ಸಂಜೆ ಕತ್ತಲು ಬಿದ್ದ ಮೇಲೆ ಬಾವಿಯ ನೀರು ದ್ರಾಕ್ಷಾರಸವಾಗುತ್ತದೆ, ನೋಡಲು ಹೋದವರು ಮರಳುವುದಿಲ್ಲ ಅನ್ನುತ್ತಾರೆ. ಹಾಗಾಗಿ ಬಾವಿಯ ಪಕ್ಕದ ದಾರಿಯಲ್ಲಿ ಯಾರೂ ತಡಮಾಡುವುದಿಲ್ಲ. ಸಬೀನಾಳಿಗೆ ಬೇಗ ನಡೆಯಲು ಆಗುತ್ತಿರಲಿಲ್ಲ. ಕಲ್ಲುಗೋಡೆಯ ಹತ್ತಿರ ನಿಂತು ಉಸಿರು ತೆಗೆದುಕೊಂಡಳು. ಡೀಲಿಯಾ ಕಾದು ನಿಂತಳು.

"ಅತ್ತೆ, ಒಂದ್ ಮಾತು ಕೇಳ್ಲಾ?"

"ಕೇಳು."

"ಆ ಬತ್ತಿದು ನಿಜಾನಾ?"

"ಬತ್ತಿ ಲೆಕ್ಕದಲ್ಲಿ ನಾನು ಹದಿನಾರು ಸಲ ಸತ್ತಿದೀನಿ. ನೋಡು, ನಿನ್ನ ಜೊತೆ ನಡೀತಿದೀನಿ."

"ಎತ್ನಾ ವಿಷಯ ಫೆಸ್ಟಸ್ ಹೇಳ್ದ."

ಸಬೀನಾ ಗೋಡೆಯ ಮೇಲಿನ ಹಿಮ ಒರೆಸಿದಳು. "ಅವನಿಗೆ ಆಗ ಎಂಟು ವರ್ಷ. ಅವನಿಗೇನ್ ನೆನಪಿರುತ್ತೆ."

"ಎಲ್ಲಾ ನೆನಪಿದೆ. ಅದಕ್ಕೇ ನನಗೆ ಭಯ. ನಂದು ಮೊದಲು ಆರಿದ್ರೆ... ನನ್ನ ಬಗ್ಗೆ ಅಲ್ಲ ಅತ್ತೆ. ಇದಕ್ಕಿನ್ನೂ ಹೆಸರೂ ಇಲ್ಲ, ಬೇರೆ ಬತ್ತೀನೂ ಇಲ್ಲ. ನಂದೇ ಇದಕ್ಕೂ."

"ಆರಲ್ಲ."

"ನಿಮಗೆ ಹೇಗೆ ಗೊತ್ತು?"

ಬೇರೆ ವರ್ಷವಾಗಿದ್ದರೆ ನಿಜ ಹೇಳಿಬಿಡುತ್ತಿದ್ದಳು. ಈಗ ಹೇಳುವುದಕ್ಕೆ ನಿಜವೇ ಇರಲಿಲ್ಲ. "ನಾನಿದೀನಲ್ಲ," ಅಂದಳು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹುಡುಗಿ ಅದನ್ನೇ ಮಾತು ಕೊಟ್ಟಂತೆ ತೆಗೆದುಕೊಂಡು ಅವಳ ತೋಳಿಗೆ ಕೈ ಹಾಕಿ ನಡೆದಳು. ಸಬೀನಾಳಿಗೆ ಅಲ್ಲೇ ದಾರಿಯಲ್ಲೇ ಕೂತುಬಿಡೋಣ ಅನ್ನಿಸಿತು. ಜನ ತನ್ನ ಮೇಲೆ ಭಾರ ಬಿಟ್ಟು ನಿಶ್ಚಿಂತರಾಗುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಈ ಹುಡುಗಿಗೆ ಬೇರೆ ಯಾರಿದ್ದಾರೆ ಅನ್ನುವುದೂ ಗೊತ್ತಿತ್ತು.

ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಮೇಜಿನ ಮೇಲೆ ಜರಡಿ, ಅದರ ತುಂಬ ಓಟ್ಸ್. ಬಾಬೀನಳ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದಿದ್ದರು. ಬಾರ್ಟ್ಲಿ ಐದೂ ಬತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ತಂದ. "ಕೊಡು, ನಾನು ನೆಡ್ತೀನಿ," ಅಂದಳು ಸಬೀನಾ. ಒಂದು ಸಲ ಬೆರಳಿಗೆ ಸಿಕ್ಕರೆ ದಪ್ಪ ತೆಳು ತಿಳಿಯುತ್ತಿತ್ತು.

"ಕೂತ್ಕೋ ಅಂದೆ," ಅಂದ ಬಾರ್ಟ್ಲಿ.

ಪ್ರಾರ್ಥನೆ ಆಯಿತು. ಲಾಂದ್ರ ಆರಿಸಿದರು. ಬಾರ್ಟ್ಲಿ ಹಿರಿಯರಿಂದ ಶುರುಮಾಡಿ ಹೆಸರು ಹೇಳಿ ಹೇಳಿ ನೆಟ್ಟ: ಅಮ್ಮಂದು, ನಂದು, ಸಬೀನಾದು, ಫೆಸ್ಟಸ್‌ದು, ಡೀಲಿಯಾದು. ಒಲೆಯ ಮಂದ ಬೆಳಕಿನಲ್ಲಿ ಐದೂ ಒಂದೇ ಥರ ಕಂಡವು. ಇಕ್ಕಳದಲ್ಲಿ ಕೆಂಡ ತೆಗೆದು ಫೆಸ್ಟಸ್ ಒಂದೊಂದಾಗಿ ಹಚ್ಚಿದ.

"ಇನ್ನು ಯಾರೂ ಮುಟ್ಟಬೇಡಿ," ಅಂದಳು ಬಾಬೀನ್. ಪ್ರತಿ ವರ್ಷ ಅನ್ನುವ ಮಾತೇ.

ಡೀಲಿಯಾಳದ್ದು ಬಾಗಿಲ ಕಡೆಗಿತ್ತು. ಬಾಗಿಲ ಕೆಳಗಿನಿಂದ ಗಾಳಿ ನುಸುಳುತ್ತಿತ್ತು, ಆ ಮನೆಯ ಬಾಗಿಲು ಯಾವತ್ತೂ ನೆಟ್ಟಗೆ ಕೂತದ್ದಲ್ಲ. ಹಚ್ಚಿದ ಎರಡು ನಿಮಿಷಕ್ಕೇ ಆ ಬತ್ತಿಯ ಉರಿ ಒಂದು ಪಕ್ಕಕ್ಕೆ ವಾಲಿತು. ಕೊಬ್ಬು ಒಂದೇ ಕಡೆ ಕರಗಿ ಕಾಳಿನ ಮೇಲೆ ತೊಟ್ಟಿಕ್ಕತೊಡಗಿತು. ಬೇರೆಯವುಗಳಿಗಿಂತ ಅದು ಬೇಗ ಇಳಿಯುತ್ತಿದೆಯೆಂದು ಹೇಳಲು ಯಾರೂ ಬೇಕಿರಲಿಲ್ಲ. ಡೀಲಿಯಾ ಶಾಲಿನೊಳಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸಬೀನಾಳನ್ನೇ ನೋಡಿದಳು.

ಸಬೀನಾ ಎದ್ದಳು. ಕುರ್ಚಿ ಎತ್ತಲು ಆಗಲಿಲ್ಲ, ನೆಲದ ಮೇಲೇ ಎಳೆದುಕೊಂಡು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ತಣ್ಣಗಿನ ಗಾಳಿ ನೇರ ಬೆನ್ನಿಗೆ ಹೊಡೆಯಿತು.

"ಯಾರದು ಕುರ್ಚಿ ಎಳೀತಿರೋದು?" ಅಂದಳು ಬಾಬೀನ್.

"ನಾನು ಅತ್ತೆ. ಚಳಿ ಆಯ್ತು."

"ಚಳಿ ಆಯ್ತು ಅಂತ ಬಾಗಿಲ ಹತ್ರ ಹೋಗ್ತಾರೇನೇ?"

ಫೆಸ್ಟಸ್ ನಗು ನುಂಗಿಕೊಂಡ. ಡೀಲಿಯಾಳ ಬತ್ತಿ ನಿಧಾನವಾಗಿ ನೆಟ್ಟಗಾಯಿತು. ಸಬೀನಾ ಕೆಮ್ಮು ತಡೆದುಕೊಂಡು, ಶಾಲು ಬಿಗಿಮಾಡಿಕೊಂಡು, ಇನ್ನೇನು ಬಂದರೂ ಇಲ್ಲಿಂದ ಏಳುವುದಿಲ್ಲವೆಂದು ಗಟ್ಟಿಮಾಡಿಕೊಂಡಳು. ಆಮೇಲೆ ಜರಡಿಯ ಕಡೆ ಸರಿಯಾಗಿ ನೋಡಿದಳು. ತನ್ನ ಬತ್ತಿ ದಪ್ಪಗೆ, ಸೋಮಾರಿಯ ಹಾಗೆ, ಇದ್ದಲ್ಲೇ ಇತ್ತು. ಅದರ ಪಕ್ಕದ್ದು ಆಗಲೇ ಅರ್ಧ ಮುಗಿದಿತ್ತು. ಪಕ್ಕದ್ದು ಬಾರ್ಟ್ಲಿಯದು.

ಗಾಳಿಯಿಂದಲ್ಲ. ಅದರ ಉರಿ ನೆಟ್ಟಗೇ ಇತ್ತು. ನೆಟ್ಟಗಿದ್ದುಕೊಂಡೇ ಸರಸರ ಇಳಿಯುತ್ತಿತ್ತು. ಹದಿನಾರು ವರ್ಷ ಅಂಥದೊಂದು ಬತ್ತಿ ಇಳಿಯುವುದನ್ನು ನೋಡಿದವಳಿಗೆ ಗುರುತು ಸಿಕ್ಕದೆ ಇರುತ್ತದೆಯೇ? ಬಾರ್ಟ್ಲಿ ಒಲೆಗೆ ಜೌಗಿನಿಂದ ಕಡಿದು ಒಣಗಿಸಿದ ಉರುವಲಿನ ಹೆಂಟೆ ಹಾಕಿ ಬಂದು ಅವಳ ಪಕ್ಕದಲ್ಲೇ ಬಾಗಿಲಿಗೆ ಒರಗಿ ನಿಂತ. ಅವನೂ ಗಾಳಿಗೆ ಅಡ್ಡ ಬಂದಿದ್ದ.

"ನಿಂದು ಎಷ್ಟ್ ಸಲ ಅದ್ದಿದೆ?" ಅಂದಳು ಮೆಲ್ಲಗೆ.

"ನೀನು ನಿಂದು ಎಷ್ಟ್ ಸಲ ಅದ್ದುತಿದ್ಯೋ ಅಷ್ಟೇ."

ಅವಳು ಬತ್ತಿಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು. "ಯಾವಾಗಿಂದ ಗೊತ್ತು?"

"ಮೊದಲನೇ ವರ್ಷದಿಂದ."

"ಮತ್ತೆ ಇಷ್ಟ್ ವರ್ಷ ಸುಮ್ನಿದ್ದೆ."

"ಹಾಗೆ ಮಾಡಿದ್ರೆ ನಿನಗೆ ನಿದ್ದೆ ಬರ್ತಿತ್ತು, ಅದಕ್ಕೆ. ಈ ವರ್ಷ ನಿನ್ನ ಕೆಮ್ಮು ಕೇಳ್ಕೊಂಡು ನನಗೆ ನಿದ್ದೆ ಬರ್ಲಿಲ್ಲ."

"ಯಾರು ಹೇಳಿದ್ರು ನಿನಗೆ ಇದನ್ನ ಮಾಡು ಅಂತ?"

"ಇವತ್ತು ನಿನ್ನ ಕೆಲಸ ನಂದಲ್ವಾ," ಅಂದ ಬಾರ್ಟ್ಲಿ.

ಅವಳಿಗೆ ಸಿಟ್ಟು ಬಂತು. ಸಂತೋಷವಾಗಬೇಕಿತ್ತು, ಆಗಲಿಲ್ಲ, ಸಿಟ್ಟೇ ಬಂತು. ತನ್ನ ಬತ್ತಿ ಆರುವಾಗ ಅವಳು ಯಾವತ್ತೂ ಹೆದರಿದವ‍ಳಲ್ಲ. ಅದೊಂದು ಮನೆಗೆಲಸ, ಪಾತ್ರೆ ತೊಳೆದ ಹಾಗೆ. ಈಗ ಈ ಮನುಷ್ಯನದ್ದು ಬೆರಳಿನ ಎರಡು ಗೆಣ್ಣು ಉಳಿದಿದೆ, ಒಂದೂವರೆ ಗೆಣ್ಣು ಉಳಿದಿದೆ ಅನ್ನುವಾಗ ಎದೆ ಡವಗುಟ್ಟುತ್ತಿತ್ತು. ಮೋಸವೆಂದು ಗೊತ್ತು, ಆ ಮೋಸ ಕಂಡುಹಿಡಿದವಳೇ ತಾನು. ಆದರೂ ಎದೆ ನಂಬಿತು. ಹದಿನಾರು ವರ್ಷ ಇವನು ಈ ಮೂಲೆಯಲ್ಲಿ ನಿಂತು ಇದನ್ನೇ ನೋಡಿದ್ದನೇ ಅನ್ನಿಸಿತು.

"ಯಾರದ್ದು ಇಳೀತಿದೆ?" ಅಂದಳು ಬಾಬೀನ್.

ಫೆಸ್ಟಸ್ ಅಪ್ಪನ ಕಡೆ ನೋಡಿದ.

"ಸಬೀನಾದೇ ತಾನೆ?"

"ಅಲ್ಲ ಅಜ್ಜಿ," ಅಂದ ಫೆಸ್ಟಸ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಅಪ್ಪಂದು."

ಮುದುಕಿ ಬೆಳಕಿನ ಕಡೆ ಮುಖ ತಿರುಗಿಸಿದಳು. ಆಮೇಲೆ ಅಂದಳು, "ಸಬೀನಾ, ಇಲ್ಲಿ ಬಾ."

"ನಾನು ಎದ್ರೆ ಗಾಳಿ ಬರುತ್ತೆ ಅತ್ತೆ."

"ಅದಕ್ಕೆ ನಿನ್ನ ಗಂಡ ನಿಂತಿದಾನಲ್ಲ. ಬಾ."

ಬಾರ್ಟ್ಲಿ ಅವಳ ಜಾಗದಲ್ಲಿ ಕೂತ. ಸಬೀನಾ ಮೇಜು ಹಿಡಿದುಕೊಂಡು ಹೋಗಿ ಅತ್ತೆಯ ಪಕ್ಕ ನಿಂತಳು.

"ನೀವಿಬ್ಬರೂ ಪಿಸುಗುಟ್ಟಿದ್ದು ಕೇಳಿಸ್ತು. ನನ್ನ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ," ಅಂದಳು ಬಾಬೀನ್. "ಒಂದೇ ಸಲ ಅದ್ದುತಿದ್ಯಾ ನೀನು? ಇಷ್ಟೂ ವರ್ಷ?"

"ಹೂಂ."

ಬೈಗುಳ ಬರುತ್ತದೆಂದು ಸಬೀನಾ ಕಾದಳು. ಬರಲಿಲ್ಲ. ಮುದುಕಿ ಬಲಗೈ ಮುಂದೆ ಚಾಚಿದಳು. "ನಂದು ಯಾವುದು? ಕೈ ಹಿಡಿದು ತೋರಿಸು."

"ಅಮ್ಮ, ಬೇಡ," ಅಂದ ಬಾರ್ಟ್ಲಿ ಬಾಗಿಲ ಹತ್ತಿರದಿಂದ.

"ನೀನು ಸುಮ್ನಿರು. ನಿನಗಿಂತ ಮುಂಚೆ ಬಂದವಳು ನಾನು. ಸಾಲು ಮುರಿದು ಮುಂದೆ ನುಗ್ಗೋದನ್ನ ನಾನು ನಿನಗೆ ಕಲಿಸಿಲ್ಲ. ಬೇಗ ಹಿಡಿಯೇ, ಅವನದ್ದು ಎಷ್ಟಿದೆ?"

"ಉಗುರಿನಷ್ಟು," ಅಂದಳು ಸಬೀನಾ.

ಅತ್ತೆಯ ಕೈ ಹಿಡಿದುಕೊಂಡಳು. ಬರೀ ಎಲುಬು, ತೂಕವೇ ಇಲ್ಲ. ಐದು ಉರಿಗಳು ಒಂದು ಗೇಣಿನೊಳಗಿದ್ದವು. ತನ್ನದೂ ಅಲ್ಲೇ ಇತ್ತು, ಅತ್ತೆಯದಕ್ಕಿಂತ ಹತ್ತಿರದಲ್ಲಿ. ಮುದುಕಿಗೆ ಕಾಣುವುದಿಲ್ಲ. ಈ ಕೈಯನ್ನು ತನ್ನ ಬತ್ತಿಯ ಮೇಲಿಟ್ಟರೆ ಯಾವತ್ತಿನಂತೆ ಎಲ್ಲ ಮುಗಿಯುತ್ತದೆ. ಫೆಸ್ಟಸ್ ನಗುತ್ತಾನೆ, ಹುಡುಗಿ ನಿದ್ದೆ ಮಾಡುತ್ತಾಳೆ. ಅಭ್ಯಾಸದ ಬಲದಿಂದ ಅವಳ ತೋಳು ಅತ್ತ ಹೊರಟೂ ಬಿಟ್ಟಿತ್ತು. ಆದರೆ ಅವಳಿಗೆ ದಣಿವಾಗಿತ್ತು. ಮೊದಲು ಹೋಗುವವಳಾಗಿ ಹದಿನಾರು ವರ್ಷ ಬದುಕಿ ಬದುಕಿ ದಣಿದಿದ್ದಳು. ಇನ್ನು ಆಗುವುದಿಲ್ಲ ಅನ್ನಿಸಿತು. ಮೊಮ್ಮಗುವನ್ನು ನೋಡಬೇಕು, ಈ ಮನುಷ್ಯ ಬೇಯಿಸಿದ ಕಲ್ಲು ಆಲೂಗಡ್ಡೆಯನ್ನು ಇನ್ನೂ ಇಪ್ಪತ್ತು ವರ್ಷ ತಿನ್ನಬೇಕು ಅನ್ನಿಸಿತು. ಅತ್ತೆಯ ಕೈಯನ್ನು ಅತ್ತೆಯ ಬತ್ತಿಯ ಹತ್ತಿರಕ್ಕೇ ಒಯ್ದಳು.

"ಇದು ನಿಮ್ಮದು. ಬಿಸಿ ತಾಗ್ತಿದೆಯಾ?"

"ತಾಗ್ತಿದೆ."

ಬಾಬೀನ್ ಎರಡು ಬೆರಳಿನಲ್ಲಿ ಉರಿಯನ್ನು ಹಿಸುಕಿದಳು. ಚುರ್ ಅಂದಿತು. ಕೈ ತಟ್ಟನೆ ತೆಗೆಯಲಿಲ್ಲ. ಆರಿದ್ದು ಖಾತ್ರಿಯಾಗುವವರೆಗೆ ಹಿಡಿದೇ ಇದ್ದಳು. "ಹೋಯ್ತಾ?"

"ಹೋಯ್ತು ಅತ್ತೆ."

"ಅವನದ್ದು?"

"ಇನ್ನೂ ಇದೆ."

"ಹಾಗಾದ್ರೆ ಸರಿ. ಫೆಸ್ಟಸ್, ಮೊದಲು ಆರಿದ್ದು ಯಾರದ್ದೋ? ಎಲ್ಲರಿಗೂ ಕೇಳೋ ಹಾಗೆ ಹೇಳು."

"ನಿಂದು ಅಜ್ಜಿ," ಅಂದ ಫೆಸ್ಟಸ್. ಹೇಳುತ್ತಿದ್ದಂತೆ ಬಾರ್ಟ್ಲಿಯದು ಕಾಳಿನ ತನಕ ಇಳಿದು, ಒಂದು ಸಲ ನೀಲಿಯಾಗಿ, ಆರಿತು. ಡೀಲಿಯಾ ಅಳುತ್ತಿದ್ದಳು. ಬಾರ್ಟ್ಲಿ ಏಪ್ರನ್ನಿನ ಅಂಚಿನಿಂದ ಮುಖ ಒರೆಸಿಕೊಂಡ.

ಸಬೀನಾ ಅತ್ತೆಯ ಬೆರಳುಗಳನ್ನು ಬೆಣ್ಣೆಯ ಬಟ್ಟಲಲ್ಲಿ ಅದ್ದಿದಳು. ತುದಿಯಲ್ಲಿ ಕಪ್ಪಾಗಿ ಬೊಬ್ಬೆ ಏಳುತ್ತಿತ್ತು. ಮುದುಕಿ ನೋವೆಂದು ಹೇಳಲಿಲ್ಲ. ಮಗ ಮೊಮ್ಮಗ ಒಲೆಯ ಕಡೆ ಹೋಗುವುದನ್ನು ಕಿವಿಯಲ್ಲೇ ಲೆಕ್ಕ ಹಾಕಿ, ಆಮೇಲೆ ದನಿ ತಗ್ಗಿಸಿದಳು.

"ಅವತ್ತೂ ನಾನು ಇದೇ ಕುರ್ಚೀಲಿ ಕೂತಿದ್ದೆ ಕಣೆ. ಎತ್ನಾದು ಆರುವಾಗ. ನನಗೆ ಆಗ ಕಣ್ಣೂ ಇತ್ತು. ಇಷ್ಟೇ ದೂರ."

ಸಬೀನಾ ಬಟ್ಟಲು ಹಿಡಿದುಕೊಂಡು ನಿಂತಳು.

"ಕೈ ಹಾಕಬಹುದು ಅಂತ ನನಗೆ ಹೊಳೀಲೇ ಇಲ್ಲ. ಮುಟ್ಟಬಾರದು ಅಂದಿದ್ರು, ಮುಟ್ಟಲಿಲ್ಲ. ನಾನು ಇದ್ನಲ್ಲ, ಎಪ್ಪತ್ತು ವರ್ಷದವಳು, ಬತ್ತಿ ಇಟ್ಕೊಂಡು ಏನ್ ಮಾಡಬೇಕಿತ್ತು." ಅವಳು ಸುಟ್ಟ ಬೆರಳನ್ನು ಮತ್ತೆ ಬೆಣ್ಣೆಗೆ ಅದ್ದಿದಳು. "ಆಮೇಲೆ ಬತ್ತಿ ಹೇಳಿತ್ತು ಅಂದೆ. ಬೇರೆ ಏನ್ ಹೇಳಬೇಕು ಅಂತಾನೂ ಗೊತ್ತಾಗ್ಲಿಲ್ಲ."

ಇಂಥ ಒಂದು ಗಳಿಗೆ ಬಂದರೆ ಹೇಳಬೇಕೆಂದು ಸಬೀನಾ ಎಷ್ಟೋ ಮಾತು ಕೂಡಿಟ್ಟಿದ್ದಳು. ಹಾಲು ಕರೆಯುವಾಗ, ಬಟ್ಟೆ ಒಗೆಯುವಾಗ, ಈ ತಲೆಯನ್ನೇ ಬಾಚುವಾಗ ಜೋಡಿಸಿಟ್ಟ ಮಾತುಗಳು. ಈಗ ಹುಡುಕಿದರೆ ಒಂದೂ ಸಿಗಲಿಲ್ಲ. ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೇ ಕೂತಳು.

"ಹೊಳೆದಿದ್ರೆ ಹಾಕ್ತಿದ್ರಿ ಅತ್ತೆ," ಅಂದಳು.

"ಹಾಕ್ತಿದ್ನಾ?"

"ಹಾಕ್ತಿದ್ರಿ."

ಬಾಬೀನ್ ಬೆಣ್ಣೆ ಮೆತ್ತಿದ ಕೈಯನ್ನು ಸೊಸೆಯ ತಲೆಯ ಮೇಲಿಟ್ಟಳು. ಕೂದಲೆಲ್ಲ ಜಿಡ್ಡಾಯಿತು. ಜರಡಿಯಲ್ಲಿ ಇನ್ನೂ ಮೂರು ಉರಿಯುತ್ತಿದ್ದವು. ಮುಂದಿನದು ಯಾರದ್ದೆಂದು ಆ ಮನೆಯಲ್ಲಿ ಯಾರೂ ನೋಡಲಿಲ್ಲ.